ಚಾಮುಂಡೇಶ್ವರಿ ಬಂದೂಕನ್ನು ಕಡಲು ದಾಟಿಸಿದ್ದು

ಜಪಾನಿನ ಹಮಾಮತ್ಸು ನಗರದ ಪಕ್ಕ, ಅಲ್ಲಿನ ಸರೋವರದ ಆಚೆ ಬದಿಗೆ, ಮಿಕ್ಕಾಬಿ ಎಂಬಲ್ಲಿ ಗುಡ್ಡಗಳಿಗೆಲ್ಲ ಕಿತ್ತಳೆ ಗಿಡ ಹಾಕಿದ್ದಾರೆ. ಆ ಹಣ್ಣಿಗೆ ಕಾಡುಹಂದಿಗಳ ಕಾಟ ಇದ್ದೇ ಇದೆ, ಹಾಗಾಗಿ ಅಲ್ಲೊಂದು ಬೇಟೆಗಾರರ ಸಂಘವೂ ಇದೆ. ಸಂಘದ ಕಚೇರಿಯ ಗೋಡೆಯ ಮೇಲೆ ಒಂದು ಗ್ರೂಪ್ ಫೋಟೋ. ಕೇಸರಿ ಕೋಟು ತೊಟ್ಟ ಜಪಾನಿ ಮುದುಕರ ಸಾಲಿನ ನಡುವೆ, ಅದೇ ಕೇಸರಿ ಕೋಟಿನಲ್ಲಿ, ಹಣೆಗೆ ಕಾಸಗಲ ಕುಂಕುಮವಿಟ್ಟು, ಫೋಟೋ ತೆಗೆಯುವವನಿಗೇ ಬುದ್ಧಿ ಹೇಳುವಂತೆ ನಿಂತ ಹೆಂಗಸೊಬ್ಬಳು ಅದರಲ್ಲಿ ಕಾಣುತ್ತಾಳೆ. ಅವಳೇ ಮೈಸೂರಿನ ಚಾಮುಂಡೇಶ್ವರಿ. ಅಷ್ಟುದ್ದದ ಹೆಸರು ಯಾರ ನಾಲಿಗೆಗೂ ಹೊರಳದೆ ಅಲ್ಲಿ ಎಲ್ಲರಿಗೂ ಅವಳು ಚಾಮು-ಸಾನ್, ಅಂದರೆ ಚಾಮು ಅವರು. ಗಂಡ ರಾಮಪ್ರಸಾದ ಹಮಾಮತ್ಸುವಿನ ಬೈಕ್ ಬಿಡಿಭಾಗಗಳ ಕಂಪನಿಯೊಂದರಲ್ಲಿ ಎಂಜಿನಿಯರ್. ಅವನ ಬೆನ್ನಿಗೆ ಬಂದವಳು ಈಗ ಇಪ್ಪತ್ತು ವರ್ಷಕ್ಕೂ ಮೇಲಾಗಿ ಅಲ್ಲೇ ಬೇರುಬಿಟ್ಟಿದ್ದಾಳೆ. ಆ ಗುಡ್ಡಗಳಲ್ಲಿ ಅವನನ್ನು ಜನ ಗುರುತಿಸುವುದು ಚಾಮು-ಸಾನ್ ಅವರ ಗಂಡ ಎಂದೇ.

ಅವಳು ಬಂದೂಕು ಹಿಡಿದದ್ದು ಅವರೆಕಾಯಿಯ ದೆಸೆಯಿಂದ. ಬಾಡಿಗೆ ಅಪಾರ್ಟ್‌ಮೆಂಟ್ ಬಿಟ್ಟು ಮಿಕ್ಕಾಬಿಯಲ್ಲಿ ಹಿತ್ತಲಿರುವ ಹಳೇ ಮನೆಯೊಂದನ್ನು ಕೊಂಡ ಹೊಸತರಲ್ಲಿ, ಅಲ್ಲಿನ ಬೀಜದಂಗಡಿಯಲ್ಲಿ ಅವರೆಯ ಜಾತಿಯದೇ ಒಂದು ಬೀಜ ಅವಳ ಕಣ್ಣಿಗೆ ಬಿತ್ತು. ತಂದು ಹಾಕಿ, ಚಪ್ಪರ ಕಟ್ಟಿ, ಮಗುವಿನ ಹಾಗೆ ಸಾಕಿದಳು. ನಾಳೆ ಬಿಡಿಸಿ ಹಿತಕಿದವರೆ ಸಾರು ಮಾಡಬೇಕು ಎಂದು ನೆನೆಹಾಕುವ ಪಾತ್ರೆಯನ್ನೂ ತೆಗೆದಿಟ್ಟಿದ್ದಳು. ಬೆಳಗ್ಗೆ ಎದ್ದು ನೋಡಿದರೆ ಚಪ್ಪರ ನೆಲ ಕಚ್ಚಿದೆ, ಬಳ್ಳಿ ಬೇರುಸಮೇತ ಮೇಲೆದ್ದಿದೆ, ಹಿತ್ತಲೆಲ್ಲ ಉತ್ತ ಹಾಗಾಗಿದೆ. ಬೇರೆ ಯಾರಾದರೂ ಆಗಿದ್ದರೆ ಎರಡು ದಿನ ಅತ್ತು ಸುಮ್ಮನಾಗುತ್ತಿದ್ದರು. ಚಾಮುಂಡೇಶ್ವರಿ ಸ್ನಾನ ಮಾಡಿ, ಒಗೆದ ಚೂಡಿದಾರ ತೊಟ್ಟು, ನೇರ ವಾರ್ಡ್ ಕಚೇರಿಗೆ ಹೋದಳು. ದೂರು ಕೊಡಬೇಕು ಎಂದಳು. ಯಾರ ಮೇಲೆ ಎಂದು ಅಲ್ಲಿದ್ದ ಹುಡುಗಿ ವಿನಯದಿಂದ ಕೇಳಿದಳು. ಹಂದಿಯ ಮೇಲೆ ಎಂದಳು ಇವಳು. ಹುಡುಗಿ ಒಂದಿಷ್ಟೂ ನಗದೆ ಬೇಟೆ ಸಂಘದ ಕಾತಾಗಿರಿ-ಸಾನ್ ಅವರ ಫೋನ್ ನಂಬರ್ ಬರೆದುಕೊಟ್ಟಳು.

ಕಾತಾಗಿರಿ-ಸಾನ್ ಕಿತ್ತಳೆ ಬೆಳೆಗಾರ. ಒಣಗಿದ ಕಟ್ಟಿಗೆಯ ಹಾಗೆ ಗಟ್ಟಿ ಆಳು, ಮಾತು ಕಡಿಮೆ. ನಲವತ್ತು ವರ್ಷ ಆ ಗುಡ್ಡಗಳಲ್ಲಿ ಬೇಟೆಯಾಡಿದವರು. ಹಾಳಾದ ಹಿತ್ತಲನ್ನು ಒಂದು ಸುತ್ತು ಹಾಕಿ, ಹೆಜ್ಜೆ ನೋಡಿ, "ಇದು ತಾಯಿ ಹಂದಿ. ಮತ್ತೆ ಬರ್ತದೆ," ಎಂದರು. ಬರದ ಹಾಗೆ ಏನು ಮಾಡಬೇಕು ಎಂದು ಇವಳು ಕೇಳಿದಳು. ವಿದೇಶಿ ಹೆಂಗಸನ್ನು ಸಾಗಹಾಕಲು ಅವರಿಗೆ ಆ ಹೊತ್ತಿಗೆ ತೋಚಿದ್ದು ಒಂದೇ ಮಾತು. "ನೀವೇ ಲೈಸೆನ್ಸ್ ತಗೊಳ್ಳಿ." ಅದನ್ನು ಕೇಳಿ ಇವಳು ಹೆದರಿ ಒಳಗೆ ಹೋಗುತ್ತಾಳೆ ಎಂದುಕೊಂಡಿದ್ದರಂತೆ. ಮೈಸೂರಿನವರ ಹಟ ಅವರಿಗೆ ಆಗಿನ್ನೂ ಪರಿಚಯವಾಗಿರಲಿಲ್ಲ.

ಜಪಾನಿನಲ್ಲಿ ಬಂದೂಕಿನ ಲೈಸೆನ್ಸ್ ಎಂದರೆ ಹುಡುಗಾಟವಲ್ಲ. ಜಪಾನಿ ಭಾಷೆಯಲ್ಲೇ ಪರೀಕ್ಷೆ, ಗುರಿ ಪರೀಕ್ಷೆ, ತಲೆ ಸರಿ ಇದೆ ಎಂದು ಡಾಕ್ಟರ ಸರ್ಟಿಫಿಕೇಟು. ಪೊಲೀಸರು ನೆರೆಹೊರೆಯವರ ಬಾಗಿಲು ತಟ್ಟಿ, ಈಕೆ ಕೂಗಾಡುತ್ತಾಳಾ, ಕುಡಿಯುತ್ತಾಳಾ, ಸಾಲಸೋಲ ಇದೆಯಾ ಎಂದು ವಿಚಾರಿಸುತ್ತಾರೆ. ಲಿಖಿತ ಪರೀಕ್ಷೆಯಲ್ಲಿ ಅವಳು ಮೊದಲ ಸಲ ಡುಮ್ಕಿ ಹೊಡೆದಳು, ಎರಡನೇ ಸಲ ಪಾಸಾದಳು. ಕೊನೆಗೆ ಪೊಲೀಸ್ ಅಧಿಕಾರಿಯೊಬ್ಬರು ಮನೆಗೇ ಬಂದು ರಾಮಪ್ರಸಾದನನ್ನು ಕೂರಿಸಿಕೊಂಡು, ಗಂಡ ಹೆಂಡತಿ ಜಗಳವಾಡುತ್ತೀರಾ ಎಂದು ಕೇಳಿದರು. ಅವನು ತಮಾಷೆಯ ಮನುಷ್ಯ. "ಆಡ್ತೀವಿ. ಯಾವಾಗ್ಲೂ ಅವಳೇ ಗೆಲ್ಲೋದು," ಎಂದುಬಿಟ್ಟ. ಅಧಿಕಾರಿ ಅದನ್ನು ಗಂಭೀರವಾಗಿ ಬರೆದುಕೊಂಡರು. ಆ ಒಂದು ಮಾತಿನಿಂದ ಇನ್ನೂ ಎರಡು ಸಲ ವಿಚಾರಣೆ ನಡೆಯಿತು.

"ರೀ, ಪೊಲೀಸ್ರ ಮುಂದೇನಾ ಜೋಕು? ಬಾಯಿಗೆ ಬೀಗ ಹಾಕ್ಕೊಳ್ಳೋಕೆ ಏನ್ ತಗೋತೀರಾ?" ಎಂದು ಅವಳು ಅಂದು ಬೈದದ್ದನ್ನು ಅವನು ಇವತ್ತಿಗೂ ಕನ್ನಡ ಬಳಗದವರ ಮುಂದೆ ಅಭಿನಯಿಸಿ ತೋರಿಸುತ್ತಾನೆ.

ಅಂತೂ ಚರೆ ಬಂದೂಕಿಗೆ ಲೈಸೆನ್ಸ್ ಬಂತು. ಆ ದೇಶದಲ್ಲಿ ಹತ್ತು ವರ್ಷ ಚರೆ ಬಂದೂಕನ್ನು ತಪ್ಪಿಲ್ಲದೆ ಇಟ್ಟುಕೊಂಡವರಿಗೆ ಮಾತ್ರ ರೈಫಲ್ಲು. ಯಾರ ಹೆಸರಿಗೆ ಬಂದೂಕಿದೆಯೋ ಅವರ ಕೈ ಬಿಟ್ಟು ಇನ್ನೊಂದು ಕೈ ಅದನ್ನು ಮುಟ್ಟುವಂತಿಲ್ಲ. ಗಂಡನೂ ಮುಟ್ಟುವಂತಿಲ್ಲ, ಗುರುವೂ ಮುಟ್ಟುವಂತಿಲ್ಲ. ಬಂದೂಕಿನ ಬೀರುವಿನ ಕೀಲಿ ಎಲ್ಲಿದೆ ಎಂಬುದು ಮನೆಯ ಇನ್ನೊಬ್ಬರಿಗೆ ಗೊತ್ತಾಗುವುದೇ ತಪ್ಪು. ರಾಮಪ್ರಸಾದನಿಗೆ ಆ ಕೀಲಿಯ ಜಾಗ ಈಗಲೂ ಗೊತ್ತಿಲ್ಲ, ಗೊತ್ತಾಗುವ ಆಸೆಯೂ ಇಲ್ಲ.

ಹೀಗಿರುವಾಗ ಕಾತಾಗಿರಿ-ಸಾನ್ ಶಿಷ್ಯೆಗೆ ವಿದ್ಯೆ ಕಲಿಸಿದ್ದಾದರೂ ಹೇಗೆ? ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು. ಬಂದೂಕನ್ನು ಹೀಗೆ ಹಿಡಿಯಮ್ಮ ಎಂದು ತೋರಿಸಲು ಅವರ ಬೆರಳು ತಾನಾಗಿ ಮುಂದೆ ಬಂದೀತು ಎಂಬ ಹೆದರಿಕೆಗೆ ಅವರು ಆ ಅಭ್ಯಾಸ ಮಾಡಿಕೊಂಡಿದ್ದರು. ಭುಜ ಇಳಿಸಿ, ಕೆನ್ನೆ ಒತ್ತಿ, ಉಸಿರು ಬಿಡಿ, ಎಲ್ಲವೂ ಬಾಯಲ್ಲೇ. ಇವಳು ಎಷ್ಟು ಚೆನ್ನಾಗಿ ಹೊಡೆದರೂ ಅವರ ಟೀಕೆ ಒಂದೇ, "ಉಸಿರು ಹಿಡಿತಾ ಇದೀರಿ." ಮುಂದಿನ ಬೇಸಿಗೆಗೆ ಆ ತಾಯಿ ಹಂದಿಯ ಲೆಕ್ಕ ಚುಕ್ತಾ ಆಯಿತು. ಅದನ್ನು ಮೈಸೂರಿನ ಮಸಾಲೆ ಅರೆದು ಹಾಕಿ ಬೇಯಿಸಿ ಸಂಘದ ಮುದುಕರಿಗೆಲ್ಲ ಬಡಿಸಿದಳು. ಅವರು ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುತ್ತಾ ಎರಡೆರಡು ಸಲ ಹಾಕಿಸಿಕೊಂಡರು. ಅವತ್ತಿನಿಂದ ಅವಳು ಕಾತಾಗಿರಿ-ಸಾನ್ ಅವರನ್ನು ಸೆನ್ಸೇ, ಅಂದರೆ ಗುರುಗಳೇ, ಎಂದು ಕರೆಯತೊಡಗಿದಳು.

ಹತ್ತು ವರ್ಷ ಕಳೆದು ಅವಳಿಗೆ ರೈಫಲ್ಲಿನ ಅರ್ಹತೆ ಬರುವ ಹೊತ್ತಿಗೆ ಸೆನ್ಸೇಗೆ ಎಪ್ಪತ್ತೆಂಟು. ಕಣ್ಣು ಚುರುಕಾಗೇ ಇತ್ತು, ಕೈಯಲ್ಲಿ ನಡುಕವಿರಲಿಲ್ಲ. ಆದರೂ ಅವರು ಒಂದು ದಿನ, "ಕೈ ಚೆನ್ನಾಗಿರೋವಾಗ್ಲೇ ಕೆಳಗಿಡ್ಬೇಕು. ಒಂದು ತಪ್ಪಾದ ಮೇಲೆ ಇಟ್ಟರೆ ಏನು ಬಂತು," ಎಂದು ಹೇಳಿ, ಲೈಸೆನ್ಸನ್ನು ಪೊಲೀಸರಿಗೆ ಒಪ್ಪಿಸಿಬಿಟ್ಟರು. ತಮ್ಮ ರೈಫಲ್ಲು ಚಾಮು-ಸಾನ್‌ಗೇ ಹೋಗಬೇಕು ಎಂದರು. ಅವಳ ಹೆಸರಿಗೆ ಅನುಮತಿ ಬರುವುದು ತಡವಾಗಿ, ಬಂದೂಕು ಅಷ್ಟು ದಿನ ಊರಿನ ಬಂದೂಕಿನಂಗಡಿಯ ಸುಪರ್ದಿಯಲ್ಲಿ ಇರಬೇಕಾಯಿತು. ಅನುಮತಿ ಬಂದ ದಿನ ಅಂಗಡಿಯವನು ಅದನ್ನು ಕೌಂಟರಿನ ಮೇಲಿಟ್ಟ. ಅವಳು ಎತ್ತಿಕೊಂಡಳು. ಸೆನ್ಸೇ ಪಕ್ಕದಲ್ಲೇ ಕೈ ಹಿಂದೆ ಕಟ್ಟಿಕೊಂಡು ನಿಂತು ನೋಡಿದರು.

ಅದು ಅವಳ ಮನಸ್ಸಿಗೆ ಮುಳ್ಳಿನಂತೆ ಚುಚ್ಚಿತು. ನಾವೆಲ್ಲ ಗುರುವಿನ ಕೈಯಿಂದ ಒಂದು ಸ್ಲೇಟನ್ನಾದರೂ ಕೈಯಾರೆ ಇಸಿದುಕೊಂಡು ಬೆಳೆದವರು. ನಲವತ್ತು ವರ್ಷ ಒಬ್ಬ ಮನುಷ್ಯನ ಕೆನ್ನೆಗೆ ಒತ್ತಿ ಸವೆದ ಮರ, ಅಂಗಡಿಯವನ ಕೈ ದಾಟಿ, ತೂಕ ಹಾಕಿದ ಸಕ್ಕರೆಯಂತೆ ಅವಳ ಕೈಗೆ ಬಂದಿತ್ತು. ಮನೆಗೆ ಬಂದು ಗಂಡನ ಮುಂದೆ ಅತ್ತೇಬಿಟ್ಟಳು. ಅದು ಅವಳ ಸ್ವಭಾವವಲ್ಲ, ಅವನು ಗಾಬರಿಯಾದ.

ಇನ್ನೊಂದು ವರ್ಷ ಸೆನ್ಸೇ ಸಂಘದ ಪ್ರತಿ ಬೇಟೆಗೂ ಬರಿಗೈಯಲ್ಲಿ ಬಂದರು. ಎಲ್ಲರಿಗೂ ಟೀ ಕಾಯಿಸಿ ಕೊಡುತ್ತಿದ್ದರು. ಅವಳು ಬಂದೂಕನ್ನು ಒರೆಸುವಾಗ ಪಕ್ಕದಲ್ಲಿ ನಿಂತು ನೋಡುತ್ತಿದ್ದರು, ಬೆನ್ನ ಹಿಂದೆ ಬೆರಳುಗಳು ಒಂದನ್ನೊಂದು ಹಿಸುಕುತ್ತಿದ್ದವು. ಕೇಳುವ ಮನುಷ್ಯ ಅವರಲ್ಲ. ಒಮ್ಮೆ ಮಾತ್ರ ಒಂದು ಮಾತು ಹೊರಬಿತ್ತು. ನ್ಯೂಜಿಲೆಂಡಿನ ಬೆಟ್ಟಗಳಲ್ಲಿ ಜಪಾನಿನ ಜಿಂಕೆಯ ಜಾತಿ ಇದೆಯಂತೆ, ನೂರು ವರ್ಷದ ಹಿಂದೆ ಯಾರೋ ಹಡಗಿನಲ್ಲಿ ಒಯ್ದು ಬಿಟ್ಟದ್ದು ಅಲ್ಲಿನವೇ ಆಗಿಬಿಟ್ಟಿವೆಯಂತೆ. ಒಮ್ಮೆ ಹೋಗಿ ನೋಡಬೇಕೆಂದು ಟಿಕೆಟ್ ತೆಗೆಸಿದ್ದೆ, ಹೆಂಡತಿಗೆ ಕಾಯಿಲೆಯಾಯಿತು, ಆಮೇಲೆ ಅವಳು ತೀರಿಹೋದಳು, ಇಂಗ್ಲಿಷೂ ಬರದು, ಬಿಟ್ಟೆ ಎಂದರು.

ಚಾಮುಂಡೇಶ್ವರಿಗೆ ಅಷ್ಟು ಸಾಕಾಯಿತು. ಅವಳಿಗೆ ಇಂಗ್ಲಿಷ್ ಬರುತ್ತದೆ. ಬೈಯಲು ಬರುತ್ತದೆ, ಚೌಕಾಸಿಗೂ ಬರುತ್ತದೆ. ನ್ಯೂಜಿಲೆಂಡಿನ ಟೌಪೊ ಎಂಬ ಊರಿನ ಬಳಿ ಬೇಟೆಗೆ ಕರೆದೊಯ್ಯುವ ಹೇಮಿ ಎಂಬ, ಅಲ್ಲಿನ ಮೂಲನಿವಾಸಿ ಮಾವೊರಿ ಜನದ ಮಾರ್ಗದರ್ಶಿಯನ್ನು ಹುಡುಕಿ ಫೋನ್ ಮಾಡಿದಳು. ಬಾಡಿಗೆ, ಊಟ, ಹವಾಮಾನ ಎಲ್ಲ ಕೇಳಿದ ಮೇಲೆ ಅವನು ಸಹಜವಾಗಿ, ನಿಮ್ಮ ಮುದುಕರೂ ಒಂದೆರಡು ಗುಂಡು ಹಾರಿಸುತ್ತಾರಾ ಎಂದು ಕೇಳಿದ. ಅವರಿಗೆ ಲೈಸೆನ್ಸ್ ಇಲ್ಲವಲ್ಲ ಎಂದಳು. ಇಲ್ಲಿನ ಕಾನೂನಿನಲ್ಲಿ ಲೈಸೆನ್ಸ್ ಇರುವವರು ಮಗ್ಗುಲಲ್ಲೇ ಇದ್ದು ನೋಡಿಕೊಂಡರೆ ಇಲ್ಲದವರೂ ಹೊಡೆಯಬಹುದು, ನಾನೇ ಪಕ್ಕದಲ್ಲಿರುತ್ತೇನೆ ಎಂದ ಹೇಮಿ. ಅವಳು ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿ, ಮತ್ತೆ ಕಿವಿಗಿಟ್ಟು, ಇನ್ನೊಂದು ಸಲ ಹೇಳು ಎಂದಳು.

ಅವತ್ತಿನಿಂದ ಅವಳಿಗೆ ಜಿಂಕೆಯ ಚಿಂತೆ ಇರಲಿಲ್ಲ. ಬಂದೂಕನ್ನು ಕಾನೂನುಬದ್ಧವಾಗಿ ಆ ನೆಲಕ್ಕೆ ದಾಟಿಸಬೇಕು, ಸೆನ್ಸೇ ಕೈಗೆ ಕೊಡಬೇಕು, ಮತ್ತು ಆ ಕೈಯಿಂದ ತಾನು ಇಸಿದುಕೊಳ್ಳಬೇಕು. ಅವರಿಗೆ ಮಾತ್ರ ಇದನ್ನು ಹೇಳಲಿಲ್ಲ. ಹೇಳಿದ್ದರೆ ಆ ಹಟಮಾರಿ ಮುದುಕ ವಿಮಾನವನ್ನೇ ಹತ್ತುತ್ತಿರಲಿಲ್ಲ. ನಿಮ್ಮ ಜಿಂಕೆ ನೋಡೋಣ ಬನ್ನಿ, ನನಗೂ ಒಬ್ಬಳೇ ಹೋಗಲು ಬೇಜಾರು ಎಂದಷ್ಟೇ ಹೇಳಿದಳು.

ಮುಂದಿನ ಕೆಲವು ತಿಂಗಳು ಮಿಕ್ಕಾಬಿಯ ಮನೆ ಸಣ್ಣದೊಂದು ಸರ್ಕಾರಿ ಕಚೇರಿಯಾಯಿತು. ಜಪಾನಿನಿಂದ ಹೊರಗೆ ಒಯ್ಯಲು ಏನು ಬೇಕು, ತಿರುಗಿ ತರಲು ಏನು ಬೇಕು, ನ್ಯೂಜಿಲೆಂಡಿಗೆ ಭೇಟಿ ಕೊಡುವವರ ಲೈಸೆನ್ಸ್, ಒಳಗೆ ತರುವ ಅನುಮತಿ, ವಿಮಾನ ಕಂಪನಿಯ ಒಪ್ಪಿಗೆ, ಬೋಲ್ಟ್ ಎಂಬ ಗುಂಡಿನ ಚಿಲಕವನ್ನು ಬಿಚ್ಚಿಟ್ಟು ಬೀಗ ಹಾಕುವ ಗಟ್ಟಿ ಪೆಟ್ಟಿಗೆ. ಗುಂಡು ಒಯ್ಯುವುದು ಬೇಡ, ಅಲ್ಲೇ ಕೊಂಡರಾಯಿತು ಎಂದು ನಿಶ್ಚಯಿಸಿದಳು. ಪೊಲೀಸ್ ಠಾಣೆಯಲ್ಲಿ ಬಂದೂಕಿನ ವಿಭಾಗದವರ ಹತ್ತಿರ ಒಂದು ಮಾತನ್ನು ಬಳಸಿ ಬಳಸಿ ಕೇಳಿದಳು. ಅಲ್ಲಿನ ಕಾನೂನು ಇಲ್ಲಿನದಕ್ಕಿಂತ ಬೇರೆ ಇದ್ದರೆ ಏನು ಮಾಡುವುದು? ಕಾತಾಗಿರಿ-ಸಾನ್ ಜೊತೆಗೆ ಹೋಗುತ್ತಿರುವುದು ಅಧಿಕಾರಿಗೂ ಗೊತ್ತಿತ್ತು. "ಅಲ್ಲಿರುವಾಗ ಅಲ್ಲಿನ ಕಾನೂನು ತಪ್ಪದೆ ಪಾಲಿಸಿ, ಚಾಮು-ಸಾನ್," ಎಂದು ಹೇಳಿ ಅವಳ ಕಾಗದಕ್ಕೆ ಠಸ್ಸೆ ಒತ್ತಿದರು.

ನ್ಯೂಜಿಲೆಂಡಿನವರು ಬಂದೂಕಿಗಿಂತ ಮಣ್ಣಿಗೆ ಹೆಚ್ಚು ಹೆದರುತ್ತಾರೆ ಎಂದು ಹೇಮಿ ಮೊದಲೇ ಎಚ್ಚರಿಸಿದ್ದ. ಬೂಟಿನಲ್ಲಿ ಒಂದು ಹುಲ್ಲಿನ ಬೀಜ ಸಿಕ್ಕರೂ ಬಿಡುವುದಿಲ್ಲವಂತೆ. ಚಾಮುಂಡೇಶ್ವರಿ ತನ್ನ ಬೂಟು, ಸೆನ್ಸೇ ಬೂಟು ಎರಡನ್ನೂ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿ, ಬಿಸಿನೀರಲ್ಲಿ ಅದ್ದಿ, ಹೇರ್‌ಪಿನ್ನಿನಿಂದ ತಳದ ಗೀರುಗಳನ್ನು ಕೆರೆದು, ತಟ್ಟೆಯ ಹಾಗೆ ಅದರ ಮೇಲೇ ಊಟ ಬಡಿಸಬಹುದಾದಷ್ಟು ಸ್ವಚ್ಛ ಮಾಡಿದಳು. ಯಾರಾದರೂ ತಪ್ಪು ಹುಡುಕಲಿ ನೋಡೋಣ ಎಂದು ಸೆರಗು ಸಿಕ್ಕಿಸಿದಂತೆ ಸೊಂಟಕ್ಕೆ ಕೈಯಿಟ್ಟು ನಿಂತಳು.

ಹೊರಡುವ ದಿನ ಬೆಳಗ್ಗೆ ಮನೆದೇವರಿಗೆ ದೀಪ ಹಚ್ಚಿ, ಬಂದೂಕಿಗೂ ಒಂದು ಪೂಜೆಯಾಗಲಿ ಎನಿಸಿತು. ಆಯುಧಪೂಜೆಯ ದಿನ ಹೇಗೂ ಮಾಡುತ್ತಾಳೆ, ಇದು ಪ್ರಯಾಣದ್ದು. ಮುಟ್ಟುವ ಹಕ್ಕು ಅವಳೊಬ್ಬಳದೇ ಆದ್ದರಿಂದ ಪುರೋಹಿತರೂ ಅವಳೇ. ರಾಮಪ್ರಸಾದ ಕೋಣೆಯ ಹೊಸ್ತಿಲಾಚೆ ನಿಂತು ಗಂಟೆ ಬಾರಿಸಿದ. ಪೆಟ್ಟಿಗೆಯಲ್ಲಿ ಮಲಗಿದ್ದ ಬಂದೂಕಿನ ಹಿಡಿಯ ಮರಕ್ಕೆ ಕುಂಕುಮ ಹಚ್ಚಿದಳು, ಕೈಮುಗಿದಳು, ಅಕ್ಷತೆ ಹಾಕಿದಳು.

"ಲೇಟಾಗ್ತಿದೆ ಚಾಮೂ, ನರಿತಾ ಏರ್‌ಪೋರ್ಟು ಇಲ್ಲೇ ಪಕ್ಕದ ಬೀದೀಲಿದೆ ಅನ್ಕೊಂಡಿದೀಯಾ?" ಎಂದು ಅವನು ಆಚೆಯಿಂದ ಕೂಗಿದ.

"ಬಂದೇ ಇರ್ರೀ," ಎಂದು ಪೆಟ್ಟಿಗೆ ಮುಚ್ಚಿ ಬೀಗ ಹಾಕಿದಳು.

ಜಪಾನಿನಿಂದ ಹೊರಡುವಾಗ ಒಂದು ಕೂದಲೂ ಕೊಂಕಲಿಲ್ಲ. ನರಿತಾದಲ್ಲಿ ಪ್ರತಿ ಕಾಗದವನ್ನೂ ಇಬ್ಬಿಬ್ಬರು ಓದಿ, ತಲೆಬಾಗಿ, ಮುಂದೆ ಕಳಿಸಿದರು. ವಿಮಾನದಲ್ಲಿ ಅವಳು ಒಳಬರುವವರ ಘೋಷಣಾ ಪತ್ರವನ್ನು ತುಂಬಿದಳು. ಬಂದೂಕು ಇದೆಯೇ, ಹೌದು. ಕಾಡಿನಲ್ಲಿ ಬಳಸಿದ ಬೂಟು ಇದೆಯೇ, ಹೌದು. ಗಿಡ, ಹೂವು, ಬೀಜ, ಧಾನ್ಯ ಇದೆಯೇ, ಇಲ್ಲ. ಪಕ್ಕದಲ್ಲಿ ಸೆನ್ಸೇ ಕಿಟಕಿಗೆ ಹಣೆಯಿಟ್ಟು ನಿದ್ದೆ ಹೋಗಿದ್ದರು. ಕೈಗಳು ಮಡಿಲಲ್ಲಿದ್ದವು. ನಾಡಿದ್ದು ನೋಡಿ ಎಂದು ಅವಳು ಆ ಕೈಗಳಿಗೆ ಮನಸ್ಸಿನಲ್ಲೇ ಹೇಳಿದಳು.

ಆಕ್ಲೆಂಡ್ ವಿಮಾನ ನಿಲ್ದಾಣದಲ್ಲಿ ಮೊದಲು ಬೂಟಿನ ಸರದಿ. ಮಣ್ಣು, ಬೀಜ ಪರೀಕ್ಷಿಸುವ ಅಧಿಕಾರಿ ಕತ್ತರಿಸಿದ ಕೂದಲಿನ ದಪ್ಪನೆಯ ಹೆಂಗಸು. ಬೂಟನ್ನು ದೀಪದ ಕೆಳಗೆ ತಿರುಗಿಸಿ, ಇಷ್ಟು ವರ್ಷದಲ್ಲಿ ಇಷ್ಟು ಸ್ವಚ್ಛವಾದ ಬೂಟು ನೋಡಿರಲಿಲ್ಲ ಎಂದಳು. ಚಾಮುಂಡೇಶ್ವರಿ ಉಬ್ಬಿಹೋದಳು, ಅದನ್ನು ಸೆನ್ಸೇಗೆ ಜಪಾನಿಯಲ್ಲಿ ಅನುವಾದಿಸಿಯೂ ಹೇಳಿದಳು. ಪಕ್ಕದ ಮೇಜಿನಲ್ಲಿ ಪೊಲೀಸಿನವನೊಬ್ಬ ಅವಳ ಅನುಮತಿಪತ್ರ ಹಿಡಿದು, ಬಂದೂಕಿನ ಪೆಟ್ಟಿಗೆಯ ಮುಂದೆ ಕಾಯುತ್ತಿದ್ದ. ಬೂಟಿನವಳು ಎಲ್ಲರನ್ನೂ ಕೇಳುವ ಹಾಗೆ ಕೇಳಿದಳು. "ಮತ್ತೇನೂ ಇಲ್ಲ ತಾನೆ? ಹೇಳುವುದಿದ್ದರೆ ಇದೇ ಕೊನೆಯ ಅವಕಾಶ. ಆಮೇಲೆ ಸಿಕ್ಕರೆ ಸುಳ್ಳು ಹೇಳಿದ ಹಾಗೆ."

ಇಲ್ಲ ಎನ್ನಲು ಬಾಯಿ ತೆರೆದವಳಿಗೆ ಗಂಟೆಯ ಸದ್ದು ನೆನಪಾಯಿತು. ಗಂಡ ಹೊಸ್ತಿಲಾಚೆ ಬಾರಿಸಿದ ಗಂಟೆ. ಆಮೇಲೆ ತನ್ನ ಕೈ, ಆ ಕೈಯಿಂದ ಉದುರಿದ ಹಳದಿ ಅಕ್ಷತೆ.

ಬೂಟಿನ ಗೀರಿನಿಂದ ಕಣ್ಣಿಗೆ ಕಾಣದ ಬೀಜ ಕೆರೆದವಳು, ತಾನೇ ತನ್ನ ಕೈಯಾರೆ ಪೆಟ್ಟಿಗೆಗೆ ಅಕ್ಕಿ ಸುರಿದು ಬೀಗ ಹಾಕಿ ತಂದಿದ್ದಾಳೆ! ಅಕ್ಷತೆಯನ್ನು ಧಾನ್ಯ ಎಂದು ನಮ್ಮವರು ಯಾರು ಎಣಿಸುತ್ತಾರೆ? ಅದು ಆಶೀರ್ವಾದ, ಅಷ್ಟೆ. ಆದರೆ ಘೋಷಣೆಯಲ್ಲಿ ಆಶೀರ್ವಾದ ಎಂಬ ಕಲಮು ಇರಲಿಲ್ಲ. ಧಾನ್ಯ ಎಂದಿತ್ತು, ಇಲ್ಲ ಎಂದು ಅವಳೇ ಬರೆದಿದ್ದಳು. ಸುಮ್ಮನಿದ್ದರೂ ನಡೆದೀತು. ನಾಲ್ಕು ಕಾಳು ಸ್ಪಂಜಿನ ಸಂದಿಗೆ ಸೇರಿಕೊಂಡಿರಬಹುದು, ಪೊಲೀಸಿನವನು ನೋಡುವುದು ಬಂದೂಕಿನ ನಂಬರನ್ನು. ಹೇಳಿದರೆ ಪೆಟ್ಟಿಗೆಯನ್ನೇ ತಡೆಹಿಡಿದಾರು. ಹೇಳದೆ ಸಿಕ್ಕಿಬಿದ್ದರೆ ಇಲ್ಲಿ ದಂಡ, ಅಲ್ಲಿ ಹಮಾಮತ್ಸುವಿನ ಠಾಣೆಯಲ್ಲಿ ತಲೆತಗ್ಗಿಸಿ ನಿಲ್ಲುವುದು, ಬಹುಶಃ ಲೈಸೆನ್ಸೇ ಹೋಗುವುದು. ಎರಡರಲ್ಲಿ ಯಾವುದಾದರೂ ಸೆನ್ಸೇ ಕೈಗೆ ಆ ಮರ ಮತ್ತೆ ಸಿಗುವುದಿಲ್ಲ. ಅವರು ಅಲ್ಲೇ ಒಂದು ಹೆಜ್ಜೆ ಹಿಂದೆ, ಮಾತು ಅರ್ಥವಾಗದಿದ್ದರೂ ಅವಳ ಮುಖವನ್ನೇ ನೋಡುತ್ತಾ ನಿಂತಿದ್ದರು. ಕೈ ಆಗಲೇ ಬೆನ್ನ ಹಿಂದೆ ಹೋಗಿತ್ತು.

ಆ ಕಟ್ಟಿದ ಕೈಗಳನ್ನು ನೋಡಿದ ಮೇಲೆ ಅವಳಿಗೆ ಯೋಚಿಸಲು ಏನೂ ಉಳಿಯಲಿಲ್ಲ. ಹತ್ತು ವರ್ಷ ಒಂದು ಬೆರಳೂ ಮುಂದೆ ಚಾಚದ ಮನುಷ್ಯನ ಎದುರಿಗೆ ನಾಲ್ಕು ಕಾಳನ್ನು ಬಚ್ಚಿಡುವುದು ಅವಳ ಕೈಲಾಗುವ ಕೆಲಸವಲ್ಲ.

"ಇದೆ," ಎಂದಳು ಜೋರಾಗಿ. "ಅಕ್ಕಿ ಇದೆ. ಬಂದೂಕಿನ ಪೆಟ್ಟಿಗೆಯಲ್ಲಿದೆ. ನಾನೇ ಹಾಕಿದ್ದು. ಇಲ್ಲ ಅಂತ ತಪ್ಪಾಗಿ ಬರೆದಿದೀನಿ, ತಿದ್ದಬೇಕು."

ಬಂದೂಕಿನ ಪೆಟ್ಟಿಗೆಯಲ್ಲಿ ಅಕ್ಕಿ ಯಾಕೆ ಎಂದು ಪೊಲೀಸಿನವನು ಕೇಳಿದ. ಚಾಮುಂಡೇಶ್ವರಿ ಬೆನ್ನು ನೆಟ್ಟಗೆ ಮಾಡಿಕೊಂಡಳು. ನಮ್ಮಲ್ಲಿ ಕೆಲಸಕ್ಕೆ ಹೊರಡುವ ಮುಂಚೆ ಕೆಲಸದ ಸಾಮಾನಿಗೆ ಕೈಮುಗಿಯುತ್ತೇವೆ, ಬಸ್ಸಿಗೂ ಮುಗಿಯುತ್ತೇವೆ, ಕಂಪ್ಯೂಟರಿಗೂ ಮುಗಿಯುತ್ತೇವೆ, ಯಾರಿಗೂ ಕೆಡುಕಾಗದಿರಲಿ ಎಂದು ಬೇಡಿಕೊಂಡು ಅಕ್ಕಿ ಹಾಕುತ್ತೇವೆ ಎಂದಳು. ಪೆಟ್ಟಿಗೆ ತೆರೆದಾಗ ಕಪ್ಪು ಸ್ಪಂಜಿನ ಮೇಲೆ ಹಳದಿ ಕಾಳುಗಳು ಎದ್ದು ಕಾಣುತ್ತಿದ್ದವು. ಸೆನ್ಸೇ ಕತ್ತು ಚಾಚಿ ನೋಡಿ, ಅವಳಿಂದ ವಿಷಯ ತಿಳಿದು, ಆ ಪ್ರಯಾಣದಲ್ಲಿ ಮೊದಲ ಸಲ ನಕ್ಕರು. ಹೊಸವರ್ಷಕ್ಕೆ ಅವರೂ ತಮ್ಮ ಬಂದೂಕಿನ ಬೀರುವಿನ ಮುಂದೆ ಅಕ್ಕಿಯದೇ ಉಂಡೆ, ಮೋಚಿ, ಇಡುತ್ತಿದ್ದವರು.

ಬೂಟಿನವಳು ಕೈಗವಸು ತೊಟ್ಟು, ಸ್ಪಂಜನ್ನು ಎತ್ತಿ, ಒಂದೊಂದೇ ಕಾಳನ್ನು ಚಿಮುಟದಲ್ಲಿ ಹೆಕ್ಕಿದಳು, ಸಂದಿಗಳಿಗೆಲ್ಲ ಸಣ್ಣ ವ್ಯಾಕ್ಯೂಮ್ ಹಿಡಿದಳು. ತುಂಬ ಹೊತ್ತು ಹಿಡಿಯಿತು. ಟೌಪೊಗೆ ಹೋಗುವ ಬಸ್ಸು ತಪ್ಪಿ, ಮುಂದಿನದಕ್ಕೆ ಕಾಯಬೇಕಾಯಿತು. ಹಿಡಿಯ ಮರದ ಮೇಲಿನ ಕೆಂಪನ್ನು ಬೆರಳಲ್ಲಿ ಮುಟ್ಟಿ, ಇದು ಬೀಜವಾ ಎಂದಳು. ಅಲ್ಲ, ಪುಡಿ, ಹಣೆಗೆ ಇಟ್ಟುಕೊಳ್ಳುವುದು ಎಂದು ಇವಳು ತನ್ನ ಹಣೆ ತೋರಿಸಿದಳು. ಹಾಗಾದರೆ ಇರಲಿ ಎಂದಳು ಆಕೆ. ಘೋಷಣೆಯನ್ನು ತಿದ್ದಿಸಿ, "ನೀವಾಗಿ ಹೇಳಿದ್ದಕ್ಕೆ ದಂಡ ಇಲ್ಲ. ವಾಪಸ್ ಹೋಗುವಾಗ ಬೇಕಾದಷ್ಟು ಹಾಕಿಕೊಳ್ಳಿ," ಎಂದಳು. ಪೊಲೀಸಿನವನು ನಂಬರು ಹೋಲಿಸಿ ಪೆಟ್ಟಿಗೆಯನ್ನು ಅವಳ ಕಡೆ ತಳ್ಳಿದ.

"ನಾಲ್ಕು ಕಾಳಿಗೆ ಅಷ್ಟು ಹೆದರಿದ್ದು ಯಾಕೆ?" ಎಂದು ಹೊರಗೆ ಬಂದ ಮೇಲೆ ಸೆನ್ಸೇ ಕೇಳಿದರು.

"ಬಿಡಿ ಸೆನ್ಸೇ, ಬೂಟೊಂದೇ ಚೊಕ್ಕಟವಾಗಿದ್ದರೆ ಸಾಲದು ಅಂತ ಗೊತ್ತಾಯ್ತು," ಎಂದಳು.

ಹೇಮಿ ಸಣ್ಣ ಬೆಟ್ಟದಂಥ ಆಳು, ಮಾತಿಗೆ ಮುಂಚೆ ನಗುವವನು. ಮಾರನೆಯ ದಿನ ಬೆಳಗ್ಗೆ ಅವರಿಬ್ಬರನ್ನೂ ಜೀಪಿನಲ್ಲಿ ಹತ್ತಿಸಿಕೊಂಡು ಬೆಟ್ಟದ ಬೆನ್ನಿಗೆ ಒಯ್ದ. ಕಣಿವೆಯಾಚೆ ಹುಲ್ಲಿನ ನಡುವೆ ಜಿಂಕೆಗಳ ಗುಂಪೊಂದು ಮೇಯುತ್ತಿತ್ತು. ಸೆನ್ಸೇ ದುರ್ಬೀನು ಹಿಡಿದು ಎಷ್ಟೋ ಹೊತ್ತು ನೋಡಿದರು. ನಮ್ಮ ಜಿಂಕೆಗಳೇ, ಮೈ ಮಾತ್ರ ತುಂಬಿಕೊಂಡಿವೆ, ಇಲ್ಲಿನ ಹುಲ್ಲು ಒಗ್ಗಿದೆ ಎಂದರು. ಚಾಮುಂಡೇಶ್ವರಿ ತನ್ನ ಸೊಂಟದ ಸುತ್ತಳತೆ ನೆನೆದು ಕೋಟನ್ನು ಕೆಳಗೆಳೆದುಕೊಂಡಳು.

ವಿಮಾನದಲ್ಲಿ ಬಂದ ಬಂದೂಕಿನ ಗುರಿ ಸರಿಯಿದೆಯೇ ಎಂದು ಮೊದಲು ಪರೀಕ್ಷಿಸಿಕೊಳ್ಳುವುದು ಎಲ್ಲ ಕಡೆಯ ಪದ್ಧತಿ. ಹೇಮಿ ಆಚೆ ದಿಣ್ಣೆಗೆ ಒಂದು ಕಾಗದದ ಗುರಿ ನೆಟ್ಟು ಬಂದ. ಅವಳು ಮಲಗಿ, ಕೆನ್ನೆ ಒತ್ತಿ, ಮೂರು ಗುಂಡು ಹಾರಿಸಿದಳು. ಮೂರೂ ಒಂದು ಅಂಗೈಯಷ್ಟು ಜಾಗದಲ್ಲಿ, ನಟ್ಟನಡುವಿನಿಂದ ತುಸು ಎಡಕ್ಕೆ ಬಿದ್ದವು. ಅವಳು ಎದ್ದು, ಬೋಲ್ಟ್ ತೆರೆದು, ಬಂದೂಕನ್ನು ಎರಡೂ ಕೈಯಲ್ಲಿ ಹಿಡಿದು ಸೆನ್ಸೇ ಮುಂದೆ ನಿಂತಳು.

"ಎಡಕ್ಕೆ ಎಳೀತಿದೆ, ಸೆನ್ಸೇ. ತಪ್ಪು ಬಂದೂಕಿನದೋ ನನ್ನದೋ ಗೊತ್ತಾಗ್ತಿಲ್ಲ. ನೀವೇ ಒಂದು ಗುಂಡು ಹೊಡೆದು ನೋಡಿ."

ಅವರು ಒಂದು ಹೆಜ್ಜೆ ಹಿಂದೆ ಸರಿದರು. ಕೈಗಳು ಬೆನ್ನ ಹಿಂದೆ ಬಿಗಿಯಾದವು. "ಚಾಮು-ಸಾನ್, ಇದೇನು ಮಾಡ್ತಿದೀರಿ? ನಾನು ಲೈಸೆನ್ಸ್ ವಾಪಸ್ ಕೊಟ್ಟವನು."

"ವಾಪಸ್ ಕೊಟ್ಟದ್ದು ಜಪಾನಿನಲ್ಲಿ. ಇದು ನ್ಯೂಜಿಲೆಂಡು. ಇಲ್ಲಿ ಲೈಸೆನ್ಸ್ ಇರೋ ಹೇಮಿ-ಸಾನ್ ನಿಮ್ಮ ಮಗ್ಗುಲಲ್ಲೇ ಇದ್ದರೆ ತಪ್ಪಿಲ್ಲ. ನಮ್ಮ ಠಾಣೇಲಿ ಕೇಳಿದೆ, ಅಲ್ಲಿರುವಾಗ ಅಲ್ಲಿನ ಕಾನೂನು ಪಾಲಿಸಿ ಅಂದರು. ನಾನು ಕಾನೂನು ಮುರಿಯೋಳಾ, ನೀವೇ ಹೇಳಿ? ನಿನ್ನೆ ನಾಲ್ಕು ಕಾಳು ಅಕ್ಕಿಗೆ ಬಸ್ಸು ತಪ್ಪಿಸಿಕೊಂಡೋಳು."

ಅವರು ಹೇಮಿಯ ಕಡೆ ನೋಡಿದರು. ಹೇಮಿಗೆ ಜಪಾನಿ ಬಾರದು, ಆದರೆ ಅಷ್ಟು ಅರ್ಥವಾಯಿತು. ಅವನು ತನ್ನ ಲೈಸೆನ್ಸ್ ಕಾರ್ಡನ್ನು ಜೇಬಿನಿಂದ ತೆಗೆದು ತೋರಿಸಿ, ಹುಲ್ಲಿನ ಮೇಲೆ ಮಂಡಿಯೂರಿ, ತನ್ನ ಪಕ್ಕದ ನೆಲವನ್ನು ಕೈಯಿಂದ ತಟ್ಟಿದ.

"ಇದಕ್ಕೇನಾ ಕರ್ಕೊಂಡು ಬಂದದ್ದು? ಜಿಂಕೆಗಲ್ಲ?"

"ಇದಕ್ಕೇ," ಎಂದಳು. "ಅವತ್ತು ಅಂಗಡಿಯವನು ಕೊಟ್ಟ, ಸೆನ್ಸೇ. ನೀವು ಕೊಡಲಿಲ್ಲ."

ಗಾಳಿ ಹುಲ್ಲನ್ನು ಬಗ್ಗಿಸಿ ಹೋಯಿತು. ಸೆನ್ಸೇ ಬೆನ್ನ ಹಿಂದಿನಿಂದ ಮೊದಲು ಬಲಗೈ ಬಂತು, ಅದರ ಹಿಂದೆ ಎಡಗೈ. ಬಂದೂಕನ್ನು ಇಸಿದುಕೊಂಡಾಗ ಆ ಕೈ ಹಿಡಿಯುವ ಜಾಗ ಹುಡುಕಬೇಕಾಗಲಿಲ್ಲ, ತಾನಾಗಿ ಅಲ್ಲಿಗೆ ಹೋಗಿ ಕೂತಿತು. ಅವರು ಹೇಮಿಯ ಪಕ್ಕದಲ್ಲಿ ಮಲಗಿ, ಹಿಡಿಗೆ ಕೆನ್ನೆ ಕೊಟ್ಟು, ಕಣ್ಣು ಒಮ್ಮೆ ಮುಚ್ಚಿ ತೆರೆದರು. ಹೇಮಿ ಒಂದೇ ಒಂದು ಗುಂಡು ಕೊಟ್ಟ. ಚಾಮುಂಡೇಶ್ವರಿ ಹಿಂದೆ ನಿಂತು ನೋಡುತ್ತಿದ್ದಳು, ತನ್ನ ಕೈಗಳು ಬೆನ್ನ ಹಿಂದೆ ಕಟ್ಟಿಕೊಂಡಿದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಗುಂಡು ಹಾರಿತು. ಹೇಮಿ ದುರ್ಬೀನು ಇಳಿಸಿ ಹೆಬ್ಬೆರಳೆತ್ತಿದ. ನಟ್ಟನಡುವೆ.

ಸೆನ್ಸೇ ಬೋಲ್ಟ್ ತೆರೆದರು. ಹಾರಿಬಿದ್ದ ಖಾಲಿ ಕಾಡತೂಸು ಹುಲ್ಲಿನಲ್ಲಿ ಮರೆಯಾಯಿತು. ಜಪಾನಿನಲ್ಲಿ ಒಂದು ಖಾಲಿ ಕಾಡತೂಸು ಕಳೆದರೂ ಉತ್ತರ ಹೇಳಬೇಕು. ಅಭ್ಯಾಸಬಲದಿಂದ ಗುರು ಶಿಷ್ಯೆ ಇಬ್ಬರೂ ಮೊಣಕಾಲೂರಿ ಹುಡುಕತೊಡಗಿದರು. ಇಲ್ಲಿ ಯಾರೂ ಕೇಳುವುದಿಲ್ಲ ಎಂದು ಹೇಮಿ ಹೇಳಿದ್ದನ್ನು ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅದು ಸಿಕ್ಕಿದ್ದು ಅವಳಿಗೆ. ತಲೆಯೆತ್ತಿ ನೋಡಿದರೆ ಸೆನ್ಸೇ ಬಲಗೆನ್ನೆಯ ಮೇಲೆ ಕೆಂಪಗೆ ಕುಂಕುಮ ಮೆತ್ತಿತ್ತು. ತನ್ನ ಕೆನ್ನೆ ಮುಟ್ಟಿಕೊಂಡಳು, ಬೆರಳಿಗೂ ಬಂತು.

"ಬಂದೂಕು ಸರಿ ಇದೆ," ಎಂದರು ಸೆನ್ಸೇ. "ನೀವು ಉಸಿರು ಹಿಡಿತಾ ಇದೀರಿ."

"ಹ್ಞೂಂ, ಸೆನ್ಸೇ."

ಅವರು ಎದ್ದು ನಿಂತು, ಬಂದೂಕು ಖಾಲಿಯಿದೆ ಎಂದು ಕಣ್ಣಿಂದಲೂ ಬೆರಳಿಂದಲೂ ನೋಡಿಕೊಂಡು, ಕೋಟನ್ನು ಸರಿಮಾಡಿಕೊಂಡರು. ಆಮೇಲೆ ಎರಡೂ ಕೈಯಲ್ಲಿ ಅದನ್ನು ಅಡ್ಡಲಾಗಿ ಹಿಡಿದು, ಸೊಂಟದವರೆಗೂ ಬಾಗಿ, ಅವಳ ಕಡೆ ಚಾಚಿದರು.

"ಚಾಮು-ಸಾನ್, ಇದನ್ನ ಚೆನ್ನಾಗಿ ನೋಡ್ಕೊಳ್ಳಿ."

ಅವಳು ಎರಡೂ ಕೈಯೊಡ್ಡಿ ಹಿಡಿದು, ತಾನೂ ಬಾಗಿ ಆ ಮರವನ್ನು ಕಣ್ಣಿಗೊತ್ತಿಕೊಂಡಳು. ಒಂದು ಗಳಿಗೆ ಬಂದೂಕಿನ ಮೇಲೆ ನಾಲ್ಕು ಕೈಗಳಿದ್ದವು, ಅವುಗಳಲ್ಲಿ ಒಂದಕ್ಕೂ ಬಿಡುವ ಅವಸರವಿರಲಿಲ್ಲ.